ಅತ್ತೆಯ ಆಸುಪಾಸು

ಮಾರ್ಚ್ ೩, ಸೋಮವಾರ

ಕಾರ್ತಿಕೇಯ ಪುಣೆಗೆ ಹೋದ. ಒಂದು ತಿಂಗಳ ಪ್ರಾಜೆಕ್ಟು. ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು, "ಅಮ್ಮ, ಲಾವಣ್ಯಾ, ಇಬ್ಬರೂ ಹೊಂದಿಕೊಂಡಿರಿ" ಎಂದ, ಗಡಿಯಲ್ಲಿ ನಿಂತ ಶಾಂತಿಪಾಲಕನ ಹಾಗೆ. ಜಗಳವಾಡುವುದಕ್ಕಾದರೂ ಮಾತು ಬೇಕಲ್ಲ! ನನ್ನ ಮತ್ತು ಅತ್ತೆಯ ನಡುವೆ ಇರುವುದು "ಕಾಫಿ ಆಯ್ತಾ?" "ಆಯ್ತು." ಅಷ್ಟೇ.

ಅತ್ತೆಯ ಹೆಸರು ಅಹಲ್ಯಾ. ಪುರಾಣದ ಅಹಲ್ಯೆ ಶಾಪದಿಂದ ಕಲ್ಲಾದಳು. ನಮ್ಮವರದು ಸ್ವಂತ ಪ್ರತಿಭೆ. ಕಳೆದ ದೀಪಾವಳಿಯ ಹೊತ್ತಿಗೆ ಮಾವ ತೀರಿಕೊಂಡಾಗಲೂ ಅವರ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬಂದವರಿಗೆ ಕುರ್ಚಿ ಸಾಲದು ಎಂದು ಪಕ್ಕದ ಫ್ಲಾಟಿನಿಂದ ತರಿಸುವ ಏರ್ಪಾಡು ಮಾಡುತ್ತಿದ್ದರು. ಅದಾದ ಮೇಲೆ ದೆಹಲಿಯ ದ್ವಾರಕಾದಲ್ಲಿದ್ದ ಮನೆ ಖಾಲಿ ಮಾಡಿ, ನೋಯ್ಡಾದ ಈ ಹದಿನಾಲ್ಕನೇ ಮಹಡಿಗೆ ನಮ್ಮ ಜೊತೆ ಇರಲು ಬಂದರು. ಕೇಂದ್ರ ಸರ್ಕಾರದ ಯಾವುದೋ ಕಂಪ್ಯೂಟರ್ ವಿಭಾಗದಲ್ಲಿ ಆಫೀಸರ್ ಆಗಿ ನಿವೃತ್ತರಾದವರು. ಅವರ ಕಾಲದ ಕಂಪ್ಯೂಟರ್ ಎಂದರೆ ಟೈಪ್‌ರೈಟರಿನ ದೊಡ್ಡಮ್ಮ ಇದ್ದೀತು ಎಂದು ನನ್ನ ಅಂದಾಜು.

ನನಗಿರುವುದು ಒಂದೇ ದೂರು. ಬೆಳಿಗ್ಗೆ ಕಾಫಿ ಆದ ಮೇಲೆ, ಯಾರೂ ಕುಡಿಯದ ಮಾವನ ದೊಡ್ಡ ಲೋಟವನ್ನೂ ಗೂಡಿನಿಂದ ತೆಗೆದು ತೊಳೆದಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರೆಂದರೆ ಮುಗಿಯಿತು. ಬಕೆಟ್ ತುಂಬುತ್ತದೆ, ಹೊರಚೆಲ್ಲುತ್ತದೆ, ನಲ್ಲಿ ಮಾತ್ರ ನಿಲ್ಲುವುದಿಲ್ಲ. ಹೋಳಿ ಬರುತ್ತಿದೆ, ನೀರು ಉಳಿಸಿ ಎಂದು ಸೊಸೈಟಿಯ ಗ್ರೂಪಿನಲ್ಲಿ ದಿನಾ ಸಂದೇಶ. ಹದಿನಾಲ್ಕನೇ ಮಹಡಿಯಲ್ಲಿ ದಿನಾ ಗಂಗಾವತರಣ. ಮಡಿಯೋ, ಮರೆವೋ, ಕೇಳುವ ಧೈರ್ಯ ನನಗಿಲ್ಲ.

ಮಾರ್ಚ್ ೫, ಬುಧವಾರ

ಆಫೀಸಿನಲ್ಲಿ ಪ್ರಳಯ.

ನಮ್ಮದು ಸಬ್‌ಟೈಟಲ್ ಕಂಪನಿ. ಹಿಂದಿ ಧಾರಾವಾಹಿಗಳ ಕೆಳಗೆ ಬೇರೆ ಬೇರೆ ಭಾಷೆಯ ಅಕ್ಷರ ಹಾಕುವುದು ಕೆಲಸ. ಕನ್ನಡ ವಿಭಾಗವೆಂದರೆ ನಾನು ಮತ್ತು ಶ್ರೇಯಸ್, ಇಬ್ಬರೇ. ಈಗ ಕೈಯಲ್ಲಿರುವುದು ನೂರಾರು ಕಂತುಗಳ ಒಂದು ಅತ್ತೆ-ಸೊಸೆ ಕಥೆ. ಕಣ್ಣೀರ ಧಾರೆಯನ್ನು ಹೊತ್ತು ತರುವುದರಿಂದಲೇ ಅದಕ್ಕೆ ಧಾರಾವಾಹಿ ಎಂದು ಹೆಸರು ಬಂದಿರಬೇಕು. ಯುಗಾದಿಗೆ ಪ್ರಸಾರ ಶುರು; ಹದಿನೇಳನೇ ತಾರೀಕಿಗೆ ನಾವು ಒಪ್ಪಿಸಬೇಕು.

ಚಾನೆಲ್ಲಿನವರು ಒಂದು ತಿದ್ದುಪಡಿ ಕೇಳಿದ್ದರು: ಹಿಂದಿಯಲ್ಲಿ ಸೊಸೆ "ಮಾಂಜೀ" ಎಂದು ಮರ್ಯಾದೆಯಿಂದ ಕರೆಯುತ್ತಾಳೆ, ಬರೀ "ಅತ್ತೆ" ಬೇಡ, "ಅತ್ತೆಮ್ಮ" ಎಂದು ಮಾಡಿ. ಶ್ರೇಯಸ್ ದೆಹಲಿಯ ಮುನಿರ್ಕಾದಲ್ಲಿ ಹುಟ್ಟಿ ಬೆಳೆದ ಕನ್ನಡಿಗ. ಅವನಿಗೆ ಕನ್ನಡ ಅರ್ಥವಾಗುತ್ತದೆ, ನೆಟ್ಟಗೆ ಆಡಲು ಬರುವುದಿಲ್ಲ. (ನನ್ನ ಸೋದರಮಾವನದು ಇದರ ತಿರುಗುಮುರುಗು.) ಬೆಳಿಗ್ಗೆ ಹಲ್ಲು ಬಿಡುತ್ತಾ ಬಂದ.

"ದೀದಿ, ಒಂದೇ ಕ್ಲಿಕ್‌ನಲ್ಲಿ ಕರ್ ದಿಯಾ! ಎಲ್ಲಾ ಎಪಿಸೋಡಲ್ಲೂ ಅತ್ತೆ ಹೋಗಿ ಅತ್ತೆಮ್ಮ."

ಮೆಚ್ಚಿಕೊಂಡು ಒಂದು ಕಂತು ತೆರೆದೆ. ನಾಯಕಿ ಮಳೆಯಲ್ಲಿ ನಿಂತು ನಾಯಕನಿಗೆ ಹೇಳುತ್ತಿದ್ದಾಳೆ: "ನಿನ್ನನ್ನು ನೆನೆದು ರಾತ್ರಿಯೆಲ್ಲ ಬಿಕ್ಕಿ ಬಿಕ್ಕಿ ಅತ್ತೆಮ್ಮ."

"ಏನೋ ಇದು?"

"ಅತ್ತೆಮ್ಮ ದೀದಿ. ಹಿಂದೀಲಿ ಸಾಸ್."

"ಇದು ಸಾಸ್ ಅಲ್ಲ ಕಣೋ, ಅಳು! ನಾನು ಅತ್ತೆ. ಮೈ ರೋಯೀ!"

"ಅಚ್ಛಾ?" ಅವನ ಮುಖ ಆರಿದ ಚಹಾದಂತಾಯಿತು. "ಆದ್ರೆ ನಮ್ಮನೇಲಿ ಅಮ್ಮ ಅತ್‌ಬಿಟ್ಟೆ ಅಂತಾರೆ. ಬರೀ ಅತ್ತೆ ಅಂತ ಯಾರೂ ಅಳಲ್ಲ, ಸಚ್ಚೀ."

ಅವನನ್ನು ಬೈದು ಏನು ಮಾಡಲಿ? ಗಂಡನ ತಾಯಿಗೂ ನಾನು ಕಣ್ಣೀರು ಹಾಕಿದೆ ಎನ್ನುವುದಕ್ಕೂ ಒಂದೇ ಮಾತನ್ನು ಇಟ್ಟ ಭಾಷೆ ನಮ್ಮದು. ಇಟ್ಟವರಿಗೆ ಯಾವ ಅನುಭವವಿತ್ತೋ. ಅವನು ಹಳೆಯ ಪ್ರತಿಯ ಮೇಲೆಯೇ ಉಳಿಸಿಬಿಟ್ಟಿದ್ದಾನೆ. ಹೊರಗಿನ ಅನುವಾದಕರು ಕಳಿಸಿದ ಮೂಲ ಪ್ರತಿಗಳಿದ್ದ ಆನ್‌ಲೈನ್ ಖಾತೆ ಕಳೆದ ತಿಂಗಳೇ ಮುಚ್ಚಿದೆ. ಎಲ್ಲವನ್ನೂ ಮತ್ತೆ "ಅತ್ತೆ" ಮಾಡಿದರೆ ಚಾನೆಲ್ ಒಪ್ಪುವುದಿಲ್ಲ. ಹೀಗೇ ಬಿಟ್ಟರೆ ನಾಯಕಿಯರೆಲ್ಲ ಅಳುವ ಬದಲು ಅತ್ತೆಯನ್ನು ಕರೆಯುತ್ತಾರೆ.

ಮ್ಯಾನೇಜರ್ ಭಾಟಿಯಾ ತಣ್ಣಗೆ ಹೇಳಿದರು: "ಲಾವಣ್ಯಾ ಜೀ, ಇದು ವಾಪಸ್ ಬಂದರೆ ಮುಂದಿನದೆಲ್ಲ ಮಶೀನ್‌ಗೆ. ಕನ್ನಡ್ ಡೆಸ್ಕ್ ಬಂದ್." ಕನ್ನಡದಿಂದ ಒಂದು ಅಕಾರವನ್ನು ಇಷ್ಟು ಸಲೀಸಾಗಿ ತೆಗೆದವರಿಗೆ ಇಬ್ಬರು ಕನ್ನಡಿಗರನ್ನು ತೆಗೆಯುವುದು ಕಷ್ಟವೇ?

ಮಾರ್ಚ್ ೬, ಗುರುವಾರ

ದಿನವಿಡೀ ಕಣ್ಣಿನಿಂದಲೇ ಹುಡುಕಿದೆ. ಹುಡುಕು ಎಂದರೆ ಕಂಪ್ಯೂಟರ್ ಎಲ್ಲ ಅತ್ತೆಯಂದಿರನ್ನೂ ತಂದು ಎದುರಿಗೆ ನಿಲ್ಲಿಸುತ್ತದೆ, ಅತ್ತವರು ಅವರ ಗುಂಪಿನಲ್ಲಿ ಕಳೆದುಹೋಗುತ್ತಾರೆ. ಹತ್ತು ಕಂತು ಮುಗಿಯಲಿಲ್ಲ. ಸಂಜೆ ಮೆಟ್ರೋದಲ್ಲಿ ಎದುರಿಗೆ ಕೂತ ಹೆಂಗಸು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು, ನನಗೆ ಆಕೆಯ ಕೆಳಗೆ ಕನ್ನಡ ಅಕ್ಷರ ಓಡಿದಂತೆ ಕಂಡಿತು.

ಮಾರ್ಚ್ ೭, ಶುಕ್ರವಾರ

ಮನೆಯಿಂದಲೇ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅತ್ತೆ ಹುರುಳಿಕಾಯಿ ಸೋಸುತ್ತಾ ಎದುರಿಗೆ ಕೂತರು.

"ಬೆಳಗಿಂದ ಏನು ಹುಡುಕ್ತಿದ್ದೀಯಮ್ಮ?"

"ಅತ್ತೆಯನ್ನ."

"ಇಲ್ಲೇ ಇದೀನಲ್ಲ."

ಕಥೆಯೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. "ಗ್ರೆಪ್ ಮಾಡಿದ್ಯಾ?" ಎಂದರು.

"ಗ್ರೇಪ್ಸಾ? ಫ್ರಿಜ್‌ನಲ್ಲಿದೆ ಅತ್ತೆ, ತೊಳೆದಿಟ್ಟಿದೀನಿ."

ಆಗ ನಕ್ಕರು. ಕಲ್ಲು ನಗುವುದನ್ನು ನಾನು ನೋಡಿದ್ದು ಅದೇ ಮೊದಲು, ಹಲ್ಲು ಚೆನ್ನಾಗಿವೆ. ಕೈ ಒರೆಸಿಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಏನೋ ಎರಡು ಕೀಲಿ ಒತ್ತಿದರು, ಒಂದು ಕಪ್ಪು ಕಿಟಕಿ ತೆರೆಯಿತು. ಅಂಥದೊಂದು ನನ್ನ ಲ್ಯಾಪ್‌ಟಾಪಿನಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಚಿತ್ರವಿಲ್ಲ, ಗುಂಡಿಯಿಲ್ಲ, ಮಿನುಗುವ ಒಂದು ಗೀಟು ಮಾತ್ರ.

"ಇದು ಕಮಾಂಡ್ ಲೈನ್. ನಾವು ಕೆಲಸಕ್ಕೆ ಸೇರಿದಾಗ ಹಸಿರು ಅಕ್ಷರ ಇರ್ತಿತ್ತು. ಗ್ರೆಪ್ ಅನ್ನು, ಮಾತು ಹೇಳು, ಫೋಲ್ಡರ್ ತೋರಿಸು. ಎಲ್ಲ ಫೈಲನ್ನೂ ಜಾಲಾಡಿ, ಆ ಮಾತಿರೋ ಸಾಲನ್ನ ಮಾತ್ರ ತಂದುಕೊಡುತ್ತೆ."

ಅತ್ತೆಯ ಬಾಯಿಂದ ಬರುವುದೆಲ್ಲ ಕಮಾಂಡ್ ಎಂದು ಮದುವೆಯಾದಾಗಿನಿಂದ ಗೊತ್ತಿತ್ತು. ಅದಕ್ಕೊಂದು ಲೈನೂ ಇದೆ ಎಂದು ಇವತ್ತು ಗೊತ್ತಾಯಿತು. ಅವರ ಬೆರಳು ಓಡಿದ ರೀತಿ ನೋಡಬೇಕಿತ್ತು! ವೀಣೆ ನುಡಿಸುವವರು ಬಹಳ ದಿನದ ಮೇಲೆ ತಂತಿ ಮುಟ್ಟಿ, ಎಲ್ಲ ಇನ್ನೂ ಅಲ್ಲಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡ ಹಾಗೆ.

ಕಣ್ಣು ಮಿಟುಕಿಸುವುದರಲ್ಲಿ ಸಾವಿರಾರು "ಅತ್ತೆಮ್ಮ" ಸುರಿದವು.

"ಆದರೆ ಅತ್ತೆ, ಇದರಲ್ಲಿ ಯಾರು ಅತ್ತೆ, ಯಾರು ಅತ್ತಿದ್ದು?"

"ಒಂಟಿ ಸಾಲು ನೋಡಿದ್ರೆ ಹೇಗೆ ಗೊತ್ತಾಗುತ್ತೆ? ಆಸುಪಾಸು ನೋಡಬೇಕು." ಮತ್ತೆ ಬರೆದರು. "ಮೈನಸ್ ಎ ನಾಲ್ಕು ಅಂದ್ರೆ, ಸಿಕ್ಕಿದ ಸಾಲಿನ ನಂತರ ಇನ್ನೂ ನಾಲ್ಕು ಸಾಲು. ಮೈನಸ್ ಬಿ ನಾಲ್ಕು, ಹಿಂದಿನ ನಾಲ್ಕು. ಮೈನಸ್ ಸಿ, ಎರಡೂ ಕಡೆ."

ನಾಲ್ಕೇ ಏಕೆಂದರೆ, ಸಬ್‌ಟೈಟಲಿನಲ್ಲಿ ಎರಡು ಮಾತಿನ ನಡುವೆ ಗಂಟೆ-ನಿಮಿಷದ ಸಾಲು, ಖಾಲಿ ಸಾಲು ತುರುಕಿಕೊಂಡಿರುತ್ತವೆ. ನಾನು ನನ್ನದೇ ಸೂತ್ರ ಕಟ್ಟಿಕೊಂಡೆ: ಎ ಎಂದರೆ ಆಮೇಲೆ, ಬಿ ಎಂದರೆ ಬಂದುಹೋದದ್ದು, ಸಿ ಎಂದರೆ ಸುತ್ತಮುತ್ತ. ಅತ್ತೆಗೆ ಹೇಳಿದೆ. "ಇದನ್ನ ನಮ್ಮ ಟ್ರೈನಿಂಗಿನಲ್ಲಿ ಹೇಳಿದ್ರೆ ಆಗ್ತಿತ್ತು" ಎಂದರು. ಪ್ರಶಸ್ತಿ ಬಂದಷ್ಟು ಖುಷಿಯಾಯಿತು, ಏಕೋ.

ಮಾರ್ಚ್ ೮, ಶನಿವಾರ

ಬೆಳಿಗ್ಗೆ ನಲ್ಲಿ ನಿಂತ ಮೇಲೆ ಅತ್ತೆ ಬಂದು ಕೂತರು. ಕಣ್ಣು ಕೆಂಪಾಗಿತ್ತು. "ಸೋಪು ಹೋಯ್ತು" ಎಂದರು. ಈ ಹೊಸ ಸೋಪು ಬದಲಾಯಿಸಬೇಕು.

ಇವತ್ತಿನ ಉಪಾಯ ನನ್ನದು. "ಅತ್ತೆಮ್ಮ" ಇರುವ ಕಡೆ ಅಕ್ಕಪಕ್ಕದಲ್ಲಿ ಕಣ್ಣೀರು, ಬಿಕ್ಕಿ, ಗೊಳೋ ಮುಂತಾದ ಮಾತಿದ್ದರೆ ಅದು ಅಳು. ಜಾಣೆ ಅಂದುಕೊಂಡೆ. ಬಂದದ್ದು: "ಕಣ್ಣೀರು ಹಾಕಬೇಡಿ ಅತ್ತೆಮ್ಮ." "ನನ್ನ ಕಣ್ಣೀರಿಗೆ ನೀವೇ ಕಾರಣ ಅತ್ತೆಮ್ಮ." ಈ ಧಾರಾವಾಹಿಯಲ್ಲಿ ಕಣ್ಣೀರು ಮತ್ತು ಅತ್ತೆ ಒಂದೇ ಓಣಿಯಲ್ಲಿ ವಾಸ.

"ಇಷ್ಟು ಅಳೋರ ನೀರಿನ ಬಿಲ್ ಯಾರು ಕಟ್ಟುತ್ತಾರೆ?" ಎಂದರು ಅತ್ತೆ. ನಾನು ಬಚ್ಚಲ ಕಡೆ ನೋಡಿ, ಬಾಯಿಗೆ ಬಂದದ್ದನ್ನು ನುಂಗಿದೆ.

"ವ್ಯಾಕರಣ ನೋಡು. ಅತ್ತೆ ಅನ್ನೋ ಕ್ರಿಯಾಪದಕ್ಕೆ ಕರ್ತೃ ಯಾರು?"

"ನಾನು!"

"ಹಾಗಾದ್ರೆ ಹಿಂದಿನ ನಾಲ್ಕು ಸಾಲಲ್ಲಿ 'ನಾನು' ಇದೆಯಾ ನೋಡು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ, ಅಂದ್ರೆ ಅತ್ತೆಮ್ಮ ಆದ ಮೇಲೆ ಪೂರ್ಣವಿರಾಮದ ಬಿಂದು. ಬಿಂದುವಿನ ಹಿಂದೆ ಒಂದು ಓರೆಗೀಟು ಹಾಕಬೇಕು. ಇಲ್ಲದಿದ್ರೆ ಗ್ರೆಪ್‌ಗೆ ಬಿಂದು ಅಂದ್ರೆ ಯಾವ ಅಕ್ಷರ ಆದ್ರೂ ಸರಿ ಅಂತ ಅರ್ಥ."

ಒಂದು ಗ್ರೆಪ್ ಸೋಸಿದ್ದನ್ನು ಇನ್ನೊಂದು ಗ್ರೆಪ್ಪಿಗೆ ಹಾಯಿಸಲು ನಡುವೆ ಒಂದು ನೆಟ್ಟನೆಯ ಗೀಟು. ಅದರ ಹೆಸರು ಪೈಪ್. ಹುರುಳಿಕಾಯಿ ಸೋಸಿದ ಕೈ ಅಕ್ಷರವನ್ನೂ ಸೋಸುತ್ತದೆ. ಮಧ್ಯಾಹ್ನದೊಳಗೆ ರಾಶಿ ರಾಶಿ ಅಳು ಸಿಕ್ಕಿತು. ಸಿಕ್ಕಾಗಲೆಲ್ಲ ನಾವಿಬ್ಬರೂ "ಹಾ!" ಎಂದು ಮೇಜು ಕುಟ್ಟಿದೆವು. ಇನ್ನೊಬ್ಬರ ದುಃಖಕ್ಕೆ ಇಷ್ಟು ಸಂಭ್ರಮಪಟ್ಟ ಅತ್ತೆ-ಸೊಸೆ ಧಾರಾವಾಹಿಯಲ್ಲೂ ಇರಲಿಕ್ಕಿಲ್ಲ.

ಕಾರ್ತಿಕೇಯ ಫೋನು ಮಾಡಿ, "ಏನು ಗಲಾಟೆ? ಜಗಳಾನಾ?" ಎಂದ. ಅತ್ತೆ ಫೋನು ಕಸಿದು, "ಕೆಲಸ ಇದೆ, ಇಡೋ" ಎಂದರು.

ಮಾರ್ಚ್ ೧೧, ಮಂಗಳವಾರ

ಶ್ರೇಯಸ್‌ಗೂ ಗ್ರೆಪ್ ಕಲಿಸಿದೆ. "ಆಂಟೀನೇ ಕಲಿಸಿದ್ದಾ? ಗ್ರೆಪ್? ನಮ್ಮಜ್ಜಿ ತೋ ವಾಟ್ಸ್‌ಆ್ಯಪ್‌ನಲ್ಲಿ ಬರೀ ಗುಡ್ ಮಾರ್ನಿಂಗ್ ಕಳಿಸ್ತಾರೆ" ಎಂದು ಬಾಯಿ ಬಿಟ್ಟ. ನನಗೆ ಹೆಮ್ಮೆಯಾಯಿತು. ಅವರು ಸರ್ಕಾರದ ದೊಡ್ಡ ದೊಡ್ಡ ಕಂಪ್ಯೂಟರ್ ಕೆಲಸಗಳನ್ನು ನಡೆಸಿದವರು ಎಂದು ಹೇಳಿದೆ. ಇದೆಲ್ಲ ನನಗೇ ಗೊತ್ತಾದದ್ದು ಮೊನ್ನೆ, ಚಪಾತಿ ಲಟ್ಟಿಸುವಾಗ.

ಆದರೆ ಪರೀಕ್ಷೆಗೆಂದು ಅಲ್ಲಲ್ಲಿ ಕಂತು ತೆರೆದರೆ ಇನ್ನೂ ಇವೆ! ಕನ್ನಡದಲ್ಲಿ "ನಾನು" ಇಲ್ಲದೆಯೂ ಅಳಬಹುದಲ್ಲ. "ಎಷ್ಟು ಅತ್ತೆ!" ಎಂದರೆ ಸಾಕು, ಅತ್ತವಳು ಯಾರೆಂದು ಎಲ್ಲರಿಗೂ ಗೊತ್ತು, ಗ್ರೆಪ್ಪಿಗೆ ಗೊತ್ತಿಲ್ಲ. ಭಾಟಿಯಾ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ಗಡಿಯಾರ ನೋಡಿ ಹೋದರು. ಶ್ರೇಯಸ್ ಬೇರೆ ಕಡೆ ಅರ್ಜಿ ಹಾಕಲೇ ಎಂದು ಮೆಲ್ಲಗೆ ಕೇಳಿದ. ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ.

ಮಾರ್ಚ್ ೧೩, ಗುರುವಾರ

ಸೋತು ಮನೆಗೆ ಬಂದೆ. ಕಾಫಿ ಕೊಟ್ಟು ಅತ್ತೆ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು.

"ಯಾರು ಅಂತ ಹುಡುಕಬೇಡ. ಎಲ್ಲಿ, ಹೇಗೆ ಅಂತ ಹುಡುಕು. 'ಅತ್ತೆ' ಅಂತ ತಾನೇ ಬಾಯಿಬಿಟ್ಟು ಹೇಳೋಳು, ಎಲ್ಲಿ ಅತ್ತೆ ಅನ್ನೋದನ್ನೂ ಹೇಳ್ತಾಳೆ. ಯಾಕಂದ್ರೆ ಆಗ ಯಾರೂ ನೋಡಿರಲ್ಲ."

"ಅಂದ್ರೆ?"

"ದಿಂಬು ಅಂತ ಹಾಕು. ಒಬ್ಬಳೇ. ಬಾಗಿಲು. ಸೆರಗು."

ಹಾಕಿದೆ. ಬಂದವು! ದಿಂಬಿನಲ್ಲಿ ಮುಖವಿಟ್ಟು, ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ಅತ್ತವರೆಲ್ಲ ಸಾಲಾಗಿ ಎದ್ದು ಬಂದರು. ನಾನು ಕುಣಿದಾಡುತ್ತಿದ್ದೆ. ಅತ್ತೆ ಸೆರಗಿನ ಅಂಚು ಸರಿಮಾಡಿಕೊಂಡರು. ಆಮೇಲೆ, "ನಲ್ಲಿ" ಎಂದರು.

"ನಲ್ಲಿನಾ? ನೀರಿನ ನಲ್ಲಿ?"

"ಹಾಕಿ ನೋಡು."

ಹಾಕಿದೆ. ಕಾರಿನಲ್ಲಿ, ಊರಿನಲ್ಲಿ, ಬಿಸಿಲಿನಲ್ಲಿ, ದೇವರ ಹೆಸರಿನಲ್ಲಿ! ಸಪ್ತಮೀ ವಿಭಕ್ತಿಯ ಮಹಾಪೂರ. "ಅತ್ತೆ, ನೀವು ನಲ್ಲಿ ಬಿಟ್ಟರೆ ನಿಲ್ಲೋದೇ ಇಲ್ಲ!" ಎಂದು ನಗುತ್ತಾ ಹೇಳಿಬಿಟ್ಟೆ. ಬಾಯಿ ಜಾರಿತ್ತು. ಅವರು ನನ್ನ ಮುಖ ನೋಡಲಿಲ್ಲ.

"ಮುಂದೆ ಒಂದು ಜಾಗ ಬಿಡು. ನಲ್ಲಿ ಒಂಟಿಯಾಗಿರಬೇಕು, ಇನ್ನೊಂದು ಮಾತಿಗೆ ಅಂಟಿಕೊಂಡಿರಬಾರದು. ಸಾಲಿನ ಮೊದಲಲ್ಲೇ ಇದ್ರೆ ಅದರ ಮುಂದೆ ಟೊಪ್ಪಿ ಆಕಾರದ ಗುರುತು ಹಾಕು."

ಮಹಾಪೂರ ಇಳಿಯಿತು. ಉಳಿದದ್ದು ಬೆರಳೆಣಿಕೆ. ಮೊದಲನೆಯದು ಹೀಗಿತ್ತು:

ಯಾರಿಗೂ ಕೇಳಿಸಬಾರದೆಂದು
ನಲ್ಲಿ ಬಿಟ್ಟುಕೊಂಡು
ಅತ್ತೆಮ್ಮ.

ನಾವು ಈವರೆಗೆ ಹಾಕಿದ ಯಾವ ಬಲೆಗೂ ಬೀಳದ ಸಾಲು. ನಾನಿಲ್ಲ, ಕಣ್ಣೀರಿಲ್ಲ, ಬಿಕ್ಕಿಲ್ಲ. ತಿರುಗಿ ಅವರನ್ನು ನೋಡಿದೆ. ಈ ಧಾರಾವಾಹಿಯ ಒಂದು ಕಂತನ್ನೂ ನೋಡದವರಿಗೆ ಇದು ಹೇಗೆ ಹೊಳೆಯಿತು? "ಅನುಭವ" ಎಂದರು ಅತ್ತೆ. ಹಾಲು ಉಕ್ಕುತ್ತದೆ ಎಂದು ಎದ್ದು ಹೋದರು.

ಅಷ್ಟು ವರ್ಷ ಕಂಪ್ಯೂಟರಿನ ಜೊತೆ ಏಗಿದ ಅನುಭವ ಎಂದರೆ ಸುಮ್ಮನೆಯೇ! ಮೆಚ್ಚಬೇಕು.

ಮಾರ್ಚ್ ೧೪, ಹೋಳಿ

ಪಕ್ಕದ ಮನೆಯವರು ಅತ್ತೆಯ ಕೆನ್ನೆಗೆ ಗುಲಾಲ್ ಹಚ್ಚಿದರು. ತೊಳೆಯಲು ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟಿದ್ದರು. ಇವತ್ತಿಗಾದರೂ ಕಾರಣವಿತ್ತು. ಮಾವನಿಗೆ ಹೋಳಿ ಎಂದರೆ ಪ್ರಾಣವಂತೆ. ಕಾರ್ತಿಕೇಯ ಫೋನಿನಲ್ಲಿ ಹೇಳಿದ.

ಮಾರ್ಚ್ ೧೭, ಸೋಮವಾರ

ಒಪ್ಪಿಸಿದೆವು. ಕಳಿಸುವ ಗುಂಡಿ ಒತ್ತುವಾಗ ಶ್ರೇಯಸ್ ಕಣ್ಣು ಮುಚ್ಚಿಕೊಂಡಿದ್ದ.

ಮಾರ್ಚ್ ೨೦, ಗುರುವಾರ

ಬೆಂಗಳೂರಿನಿಂದ ಚಾನೆಲ್ಲಿನ ಉತ್ತರ ಬಂತು. ಅಲ್ಲಲ್ಲಿ ಹೆಕ್ಕಿ ಓದಿದ್ದಾರೆ, ಒಂದು ಅಲ್ಪವಿರಾಮ ಬಿಟ್ಟರೆ ತಕರಾರಿಲ್ಲ. ಮುಂದಿನ ಧಾರಾವಾಹಿಯೂ ನಮಗೇ. ಭಾಟಿಯಾ ಎಲ್ಲರೆದುರು "ಕನ್ನಡ ಟೀಮ್" ಎಂದರು, ಅಕಾರ ಸಮೇತ. ಶ್ರೇಯಸ್ ತಡೆಯಲಾರದೆ, "ದೀದಿ, ಖುಷಿಯಿಂದ ಅತ್ತೆ!" ಎಂದ. ಜೀವನದಲ್ಲಿ ಮೊದಲ ಸಲ ಆ ಕ್ರಿಯಾಪದವನ್ನು ಸರಿಯಾಗಿ ಬಳಸಿದ.

ಸಮೋಸಾ ಕಟ್ಟಿಸಿಕೊಂಡು ಮನೆಗೆ ಓಡಿದೆ. ಅತ್ತೆ "ಸರಿ" ಎಂದರು. ಆಮೇಲೆ ಒಳಗೆ ಹೋಗುತ್ತಾ, "ಓರೆಗೀಟು ಮರೀಬೇಡ ಮುಂದಕ್ಕೆ" ಎಂದರು.

ಮಾರ್ಚ್ ೨೧, ಶುಕ್ರವಾರ

ಇವತ್ತು ಭಾಟಿಯಾ ರಜೆ ಕೊಟ್ಟಿದ್ದಾರೆ. ಕಾಫಿ ಮುಗಿಸಿ ಮೇಜಿನ ಹತ್ತಿರವೇ ಕೂತಿದ್ದೆ, ಮಾಡಲು ಕೆಲಸವಿರಲಿಲ್ಲ, ಹುಡುಕಲು ಏನೂ ಇರಲಿಲ್ಲ. ಅತ್ತೆ ಮಾವನ ದೊಡ್ಡ ಲೋಟ ತೆಗೆದರು. ತೊಳೆದರು. ಒರೆಸಿದರು. ಗೂಡಿನಲ್ಲಿಟ್ಟರು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ ನಲ್ಲಿ.

ಲೋಟ. ಬಾಗಿಲು. ಒಬ್ಬರೇ. ನಲ್ಲಿ. ಆಮೇಲೆ, ಕೆಂಪು ಕಣ್ಣು, ಸೋಪು.

ಎಷ್ಟು ಹೊತ್ತು ಬಾಗಿಲ ಹೊರಗೆ ನಿಂತಿದ್ದೆನೋ. ಕದ ತಟ್ಟಲು ಎತ್ತಿದ ಕೈ ಅಲ್ಲೇ ಇತ್ತು. ಕೊನೆಗೆ ಕರೆದೆ.

"ಅತ್ತೆ."

ನಲ್ಲಿ ನಿಂತಿತು. "ಏನಮ್ಮ? ನೀರು ಜಾಸ್ತಿ ಆಯ್ತಾ?"

"ಇಲ್ಲ. ಬಿಟ್ಟುಕೊಳ್ಳಿ. ಸೊಸೈಟಿಯವರು ಕೇಳಿದ್ರೆ ನಾನು ಹೇಳ್ಕೋತೀನಿ."

ಆಮೇಲೆ ಅಗುಳಿ ತೆಗೆದರು. ಮುಖ ತೊಳೆದಿರಲಿಲ್ಲ.

"ಗೊತ್ತಾಯ್ತಾ?"

"ಆಸುಪಾಸು ನೋಡಿದೆ."

"ಎಷ್ಟು ಸಾಲು ಹಿಂದಕ್ಕೆ ಹೋದೆ?"

"ದೀಪಾವಳಿ ತನಕ."

ನಗಲು ಹೋದರು. ನಗು ಅರ್ಧಕ್ಕೆ ಬಂದು ಒಡೆಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು, ನಾನೂ ಕೂತೆ. ಎಲ್ಲರ ಮುಂದೆ ಅತ್ತರೆ ಎಲ್ಲರೂ ಸಮಾಧಾನ ಮಾಡೋಕೆ ಬರ್ತಾರೆ, ಆಮೇಲೆ ಅವರನ್ನ ಸಮಾಧಾನ ಮಾಡೋದು ನನ್ನ ಕೆಲಸ ಆಗುತ್ತೆ, ಅದಕ್ಕೇ, ಎಂದರು. ಮಾವ ಆ ಲೋಟದ ತುಂಬ ಕಾಫಿ ಕುಡಿದು, ಇನ್ನೂ ಅರ್ಧ ಕೇಳುತ್ತಿದ್ದರಂತೆ. ಅದಕ್ಕೆ ಅತ್ತೆ ದಿನಾ ಬೈಯುತ್ತಿದ್ದರಂತೆ. ನಾನು ಸಮಾಧಾನ ಮಾಡಲಿಲ್ಲ. ನನಗೆ ಬರುವುದು ಚೇಷ್ಟೆ ಒಂದೇ, ಅದೂ ನೆನಪಾಗಲಿಲ್ಲ.

ಎದ್ದ ಮೇಲೆ ಇನ್ನೊಂದು ಸಲ ಡಿಕಾಕ್ಷನ್ ಇಳಿಸಿದರು. ಗೂಡಿನಿಂದ ಆ ದೊಡ್ಡ ಲೋಟ ತೆಗೆದು, ಕಾಫಿ ತುಂಬಿಸಿ, ನನ್ನ ಮುಂದಿಟ್ಟರು. ಕುಡಿದು ಮುಗಿಸಿ, ಇನ್ನೂ ಅರ್ಧ ಕೇಳಿದೆ. ಬೈದರು.

ಕಾರ್ತಿಕೇಯ ಸಂಜೆ ಫೋನು ಮಾಡಿ, ಏನು ವಿಶೇಷ ಎಂದ. ಏನೂ ಇಲ್ಲ ಎಂದೆ. ಇಲ್ಲಿ ಮಾತ್ರ ಬರೆದಿಡುತ್ತೇನೆ, ಯಾವ ಶ್ರೇಯಸ್ಸೂ ಇದನ್ನು ತಿದ್ದದಿರಲಿ: ಇವತ್ತು ನಲ್ಲಿ ನಿಂತಿತ್ತು. ಹೊಸ್ತಿಲ ಮೇಲೆ, ಪಕ್ಕದಲ್ಲಿ, ಅತ್ತೆ. ನಾನೂ ಅತ್ತೆ.